ತರಬೇತಿಗೆ ಮೊದಲೇ ಪರೀಕ್ಷೆ ಬರೆದಿಡಿ
ಆಶಾ ಕಾರ್ಯಕರ್ತೆಯರಿಗೆ, ಸ್ವಸಹಾಯ ಸಂಘದವರಿಗೆ ತರಬೇತಿ ಕೊಡುವವರಿಗೊಂದು ಸಲಹೆ. ಸ್ಲೈಡ್‌ಗಳಿಗೆ ಕೈ ಹಾಕುವ ಮುನ್ನ, ಕೊನೆಯಲ್ಲಿ ಕಲಿತವರು ಏನು ಮಾಡಿ ತೋರಿಸಬೇಕು ಎಂಬುದನ್ನು ಒಂದೇ ವಾಕ್ಯದಲ್ಲಿ ಬರೆದುಕೊಳ್ಳಿ. ಅದೇ ನಿಮ್ಮ ಪರೀಕ್ಷೆ. ‘ಅತಿಸಾರದ ಬಗ್ಗೆ ಅರಿವು ಮೂಡಿಸುವುದು’ ಎಂಬ ಗುರಿ ವರದಿಗೆ ಚೆನ್ನ. ಅರಿವು ಮೂಡಿತೋ ಇಲ್ಲವೋ ನೋಡುವುದು ಹೇಗೆ? ಬದಲಿಗೆ ಹೀಗೆ ಬರೆಯಿರಿ: ‘ಚೀಟಿ ನೋಡದೆ, ಒಂದು ಲೀಟರ್ ಕುಡಿಯುವ ನೀರು ಅಳೆದು ಇಡೀ ಪೊಟ್ಟಣ ಒಆರ್‌ಎಸ್ (ಅತಿಸಾರವಾದಾಗ ನೀರಿನಲ್ಲಿ ಕಲಸಿ ಕುಡಿಸುವ ಲವಣದ ಪುಡಿ) ಕರಗಿಸಿ, 24 ಗಂಟೆಯ ನಂತರ ಉಳಿದದ್ದನ್ನು ಚೆಲ್ಲಬೇಕೆಂದು ತಾಯಿಗೆ ಹೇಳುವರು.’ ಮಾಡುವ ಕೆಲಸ, ಮಾಡುವ ಸಂದರ್ಭ, ಸರಿ ಎನ್ನಲು ಬೇಕಾದ ಅಳತೆ: 1962ರಲ್ಲೇ ಅಮೆರಿಕದ ತರಬೇತಿ ತಜ್ಞ ರಾಬರ್ಟ್ ಮೇಗರ್ ಹೇಳಿದ್ದ ಮೂರೂ ಇದರಲ್ಲಿವೆ.

ಹೀಗೆ ಬರೆದರೆ ಪಾಠ ತಾನಾಗಿಯೇ ತೆಳ್ಳಗಾಗುತ್ತದೆ. ಕರುಳಿನ ಚಿತ್ರ, ರೋಗಾಣುಗಳ ಪಟ್ಟಿ ಹೊರಬೀಳುತ್ತವೆ. ನೀರು, ಪೊಟ್ಟಣ, ಚಮಚ ಒಳಬರುತ್ತವೆ. ಎಲ್ಲ ಮನೆಗಳಲ್ಲೂ ಅಳತೆಯ ಪಾತ್ರೆ ಇರುವುದಿಲ್ಲ, ಲೀಟರಿನ ಖಾಲಿ ನೀರಿನ ಬಾಟಲಿಯಿಂದಲೇ ಅಳೆಸಿ. ಲೋಟದ ನೀರಿಗೆ ಅಂದಾಜಿನಲ್ಲಿ ಪುಡಿ ಉದುರಿಸುವವರು ಆಗಲೇ ಸಿಕ್ಕಿಬೀಳುತ್ತಾರೆ. ಜನ ಹೆಚ್ಚಿದ್ದರೆ ಜೋಡಿ ಮಾಡಿ. ಒಬ್ಬರು ಕಲಸಲಿ, ಇನ್ನೊಬ್ಬರು ಸರಿ-ತಪ್ಪು ಗುರುತು ಹಾಕಲಿ.

‘ತರಬೇತಿ ಹೇಗಿತ್ತು?’ ಎಂಬ ನಮೂನೆಯನ್ನು ಮಾತ್ರ ನೆಚ್ಚಬೇಡಿ. ಊಟ ಚೆನ್ನಾಗಿದ್ದರೆ ಎಲ್ಲರೂ ‘ಅತ್ಯುತ್ತಮ’ ಎಂದೇ ಬರೆಯುತ್ತಾರೆ.