ಕಿರೀಟದ ಹೆಸರಲ್ಲಿ ವಿದ್ಯಾರ್ಥಿವೇತನ: ಲೆಕ್ಕ ಮೊದಲು, ಫೋಟೊ ಆಮೇಲೆ

1994ರಲ್ಲಿ ದಕ್ಷಿಣ ಆಫ್ರಿಕಾದ ಸನ್ ಸಿಟಿಯಲ್ಲಿ ಮಂಗಳೂರು ಮೂಲದ ಐಶ್ವರ್ಯಾ ರೈ ವಿಶ್ವಸುಂದರಿಯಾದರು. ಅವತ್ತು ಎರಡನೇ ಸ್ಥಾನ ಪಡೆದವರು ಆ ದೇಶದವರೇ ಆದ ಬಸೆಟ್ಸಾನಾ ಕುಮಾಲೊ. ಮುಂದೆ ಟಿವಿ ನಿರೂಪಕಿಯಾಗಿ, ಟಿವಿ ಕಾರ್ಯಕ್ರಮ ತಯಾರಿಸುವ ಟ್ಸ್ವೆಲೊಪೆಲೆ ಪ್ರೊಡಕ್ಷನ್ಸ್‌ನ ಪಾಲುದಾರರಾಗಿ ಉದ್ಯಮ ಕಟ್ಟಿದರು. ಪತಿ ರೋಮಿಯೊ ಅವರೊಂದಿಗೆ ಕುಟುಂಬದ ಹೆಸರಿನಲ್ಲೇ ಪ್ರತಿಷ್ಠಾನ ನಡೆಸುತ್ತಾರೆ. ಸೌಂದರ್ಯ ಸ್ಪರ್ಧೆಯಲ್ಲಿ ಗೆದ್ದ ಹೆಸರಿನಲ್ಲಿ ಮಕ್ಕಳಿಗೆ ವಿದ್ಯಾರ್ಥಿವೇತನ ಕೊಡಲು ಹೊರಟವರಿಗೂ ಕ್ರಮ ಇದೇ ಇರಲಿ: ಹೆಸರು, ವ್ಯವಹಾರ, ಆಮೇಲೆ ದಾನ. ಸಮಾರಂಭಕ್ಕೆ ಕರೆದವರು ಕೊಡುವ ಸಂಭಾವನೆಯನ್ನು ನಂಬಿ ಮಕ್ಕಳಿಗೆ ಮಾತು ಕೊಡಬೇಡಿ. ಕರೆಗಳು ಬಹಳ ಬೇಗ ಕಡಿಮೆಯಾಗುತ್ತವೆ.

ಕರ್ನಾಟಕದಲ್ಲಿ ಇಂಥ ಟ್ರಸ್ಟ್ ಮಾಡಲು ಹೊರಟವರು ಮೊದಲು ಲೆಕ್ಕ ಹಾಕಿ. ಒಬ್ಬ ಪದವಿ ವಿದ್ಯಾರ್ಥಿಗೆ ವರ್ಷಕ್ಕೆ 40,000 ರೂಪಾಯಿ, ವರ್ಷಕ್ಕೆ ಶೇ. 10 ಏರಿಕೆ, ಪ್ರತಿ ವರ್ಷ ಹತ್ತು ಹೊಸಬರು ಎಂದುಕೊಳ್ಳಿ. ಮೊದಲ ವರ್ಷ 4 ಲಕ್ಷ ಸಾಕು. ಎರಡನೇ ವರ್ಷ ಇಪ್ಪತ್ತು ಜನ, 8.8 ಲಕ್ಷ. ಮೂರನೇ ವರ್ಷ ಮೂವತ್ತು ಜನ, 14.52 ಲಕ್ಷ. ಮುಗ್ಗರಿಸುವುದು ಇಲ್ಲೇ. 4 ಲಕ್ಷ ಕೈಯಲ್ಲಿದೆ ಎಂದು ಹತ್ತು ಮಂದಿಯನ್ನು ಆರಿಸಿ, ಎರಡನೇ ವರ್ಷ ದುಡ್ಡಿಲ್ಲ ಅಂದರೆ ಓದು ಅರ್ಧಕ್ಕೆ ನಿಲ್ಲುತ್ತದೆ. ಒಬ್ಬರಿಗೆ ಮೂರು ವರ್ಷಕ್ಕೆ ಬೇಕಾಗುವ 1,32,400 ರೂಪಾಯಿ ಮೊದಲೇ ತೆಗೆದಿಟ್ಟು, ಆಮೇಲೆ ಆಯ್ಕೆ ಮಾಡಿ. 4 ಲಕ್ಷಕ್ಕೆ ನಿಜವಾಗಿ ಸಿಗುವುದು ಮೂವರು. ಮೂವರೇ ಇರಲಿ.

ಟ್ರಸ್ಟ್ ಪತ್ರವನ್ನು ಉಪನೋಂದಣಾಧಿಕಾರಿ ಕಚೇರಿಯಲ್ಲಿ ನೋಂದಾಯಿಸಿ, ಪ್ಯಾನ್ ಮಾಡಿಸಿ, ಟ್ರಸ್ಟ್ ಹೆಸರಲ್ಲೇ ಖಾತೆ ತೆರೆಯಿರಿ. ನಂತರ ಎಲ್ಲರ ಬಾಯಲ್ಲೂ 12ಎ (ಟ್ರಸ್ಟಿನ ಆದಾಯಕ್ಕೆ ತೆರಿಗೆ ವಿನಾಯಿತಿ), 80ಜಿ (ದಾನಿಗಳಿಗೆ ತೆರಿಗೆ ರಿಯಾಯಿತಿ) ಎಂದೇ ಇರುವ ತೆರಿಗೆ ನೋಂದಣಿಗಳು. ಟ್ರಸ್ಟ್ ಮುಚ್ಚಿದರೆ ಆಸ್ತಿ ಇಂಥದೇ ಇನ್ನೊಂದು ಸಂಸ್ಥೆಗೆ ಹೋಗಬೇಕೆಂಬ ಷರತ್ತು ಪತ್ರದಲ್ಲಿರಲಿ. ‘ನಮ್ಮ ಸಮುದಾಯದ ಮಕ್ಕಳಿಗೆ ಮಾತ್ರ’ ಎಂದು ಬರೆದರೆ ವಿನಾಯಿತಿಗೇ ಕುತ್ತು. ಪರಿಶಿಷ್ಟ ಜಾತಿ, ಪಂಗಡ, ಹಿಂದುಳಿದ ವರ್ಗ, ಹೆಣ್ಣುಮಕ್ಕಳಿಗೆ ಮೀಸಲಿಟ್ಟರೆ ತೊಂದರೆಯಿಲ್ಲ. ಟ್ರಸ್ಟಿಗಳ ಮನೆಯ ಮಕ್ಕಳಿಗೆ ಒಂದು ರೂಪಾಯಿಯೂ ಹೋಗಬಾರದು. 2,000 ರೂಪಾಯಿಗಿಂತ ಹೆಚ್ಚು ನಗದು ಕೊಟ್ಟವರಿಗೆ 80ಜಿ ಲಾಭ ಸಿಗದು, ಯುಪಿಐ ಅಥವಾ ಚೆಕ್‌ನಲ್ಲೇ ಪಡೆಯಿರಿ.

ಅಮೆರಿಕದಲ್ಲಿರುವ ಬಂಧು ದೇಣಿಗೆ ಕೊಡುತ್ತೇನೆ ಎಂದರೆ ಮೊದಲು ಪಾಸ್‌ಪೋರ್ಟ್ ಯಾವುದೆಂದು ಕೇಳಿ. ಭಾರತದ್ದಾದರೆ ಅವರ ಉಳಿತಾಯದ ಹಣವನ್ನು ಬ್ಯಾಂಕ್ ಮೂಲಕ ಪಡೆಯಬಹುದು. ವಿದೇಶಿ ಪೌರತ್ವ ಪಡೆದ ಭಾರತೀಯ ಮೂಲದವರಿಗೆ ಕೊಡುವ ಒಸಿಐ ಕಾರ್ಡಿನವರಾದರೆ ಅದು ವಿದೇಶಿ ದೇಣಿಗೆ, ಎಫ್‌ಸಿಆರ್‌ಎ (ವಿದೇಶಿ ದೇಣಿಗೆ ನಿಯಂತ್ರಣ ಕಾಯ್ದೆ) ಅನುಮತಿಯಿಲ್ಲದೆ ಮುಟ್ಟುವಂತಿಲ್ಲ.

ಅರ್ಜಿಗೆ ಅಂಕಪಟ್ಟಿ, ನಾಡಕಚೇರಿಯ ಆದಾಯ ಪ್ರಮಾಣಪತ್ರ, ಕಾಲೇಜಿನ ಶುಲ್ಕದ ವಿವರ, ಪಾಸ್‌ಬುಕ್ಕಿನ ಮೊದಲ ಪುಟ ಸಾಕು. ಸರ್ಕಾರದ ಎಸ್‌ಎಸ್‌ಪಿ (ರಾಜ್ಯ ವಿದ್ಯಾರ್ಥಿವೇತನ ಪೋರ್ಟಲ್) ವಿದ್ಯಾರ್ಥಿವೇತನ ಬರುತ್ತಿದೆಯೇ ಎಂದೂ ಕೇಳಿ. ಬರುತ್ತಿದ್ದರೂ ತಳ್ಳಿಹಾಕಬೇಡಿ, ಅದು ಯಾವಾಗ ಕೈಸೇರುತ್ತದೆ ಎಂಬುದು ಮುಖ್ಯ. ಕಾಲೇಜು ಶುಲ್ಕ ಕಟ್ಟಲು ಕೊಟ್ಟ ಕೊನೆಯ ದಿನಕ್ಕೆ ಮೊದಲೇ ಹಣ ಹೋಗಬೇಕು. ತಡವಾದರೆ ಅಪ್ಪ ಬಡ್ಡಿಗೆ ಸಾಲ ತಂದು ಕಟ್ಟಿರುತ್ತಾರೆ, ನಿಮ್ಮ ಹಣ ಬಡ್ಡಿಗೆ ಹೋಗುತ್ತದೆ.

ಶುಲ್ಕವನ್ನು ನೇರ ಕಾಲೇಜಿನ ಖಾತೆಗೆ ಕಟ್ಟಿ. ಬಸ್ ಪಾಸ್, ಮೆಸ್, ಪುಸ್ತಕದ ಹಣ ವಿದ್ಯಾರ್ಥಿಯ ಖಾತೆಗೆ. ಮೊದಲು 1 ರೂಪಾಯಿ ಹಾಕಿ ಬಂತೇ ಎಂದು ಕೇಳಿ. ಅಂಕಪಟ್ಟಿಯಲ್ಲಿ ‘ಲಕ್ಷ್ಮಿ ಬಿ’, ಖಾತೆಯಲ್ಲಿ ‘ಲಕ್ಷ್ಮೀ ಬಸಪ್ಪ’, ಜೊತೆಗೆ ಕೆವೈಸಿ ಆಗದೆ ನಿಂತ ಖಾತೆ: ಹಣ ತಡವಾಗುವುದು ಬಹುತೇಕ ಇಂಥದ್ದರಿಂದಲೇ.

ಮಕ್ಕಳನ್ನು ವೇದಿಕೆಯಲ್ಲಿ ನಿಲ್ಲಿಸಿ ದೊಡ್ಡ ಚೆಕ್ಕಿನ ಫೋಟೊ ತೆಗೆಸುವ ಚಟ ಬಿಡುವುದು ಒಳ್ಳೆಯದು. ತೆಗೆಯಲೇಬೇಕಿದ್ದರೆ ಬರೆದ ಒಪ್ಪಿಗೆ ಪಡೆಯಿರಿ, ಬೇಡ ಎಂದವರಿಗೂ ಹಣ ಕೊಡಿ.

ನವೀಕರಣಕ್ಕೆ ಹಾಜರಾತಿ ನೋಡಿ. ಒಂದು ವಿಷಯ ಬ್ಯಾಕ್ ಉಳಿದರೆ ಹಣ ನಿಲ್ಲಿಸಬೇಡಿ, ಫೋನ್ ಮಾಡಿ ಕಾರಣ ಕೇಳಿ. ಎರಡು ಸೆಮಿಸ್ಟರ್ ಸತತವಾಗಿ ಹಾಗೇ ಆದರೆ ಕಾಲೇಜಿನ ಪ್ರಾಂಶುಪಾಲರ ಜೊತೆ ಮಾತಾಡಿ ನಿರ್ಧರಿಸಿ.