ಕಳೆನಾಶಕ ಹೊಡೆದ ಮಣ್ಣಿಗೆ ಅಲಸಂದೆ ಹೇಳಿದ ಸಾಕ್ಷಿ

ಎರಡು ವರ್ಷ ನನ್ನನ್ನು ನೋಡಿ ನಕ್ಕವರೇ ಈಗ ಕವರಿನಲ್ಲಿ ಮಣ್ಣು ತಂದು "ನಮ್ಮದನ್ನೂ ಒಂದು ಸಲ ನೋಡಿ" ಅನ್ನುತ್ತಿದ್ದಾರೆ. ಅದಕ್ಕೇ ಬರೆಯುತ್ತಿದ್ದೇನೆ.

ನಮ್ಮದು ಚಳ್ಳಕೆರೆ ಕಡೆಯ ಕೆಂಪು ಮಣ್ಣು, ಶೇಂಗಾ ಹೊಲ. ಜೇಕು ಕಳೆಯ ಕಾಟಕ್ಕೆ ಬಿತ್ತನೆಗೆ ಮುಂಚೆ ಗ್ಲೈಫೊಸೇಟ್ ಎಂಬ ಕಳೆನಾಶಕ ಹೊಡೆಯುತ್ತಿದ್ದೆ. ಹೊಡೆದ ಕಡೆ ಗಿಡ ಕಿತ್ತರೆ ಬೇರಿನಲ್ಲಿ ಗಂಟು ಕಡಿಮೆ ಅನ್ನಿಸುತ್ತಿತ್ತು. ಮಣ್ಣಿನ ಬ್ಯಾಕ್ಟೀರಿಯಾ ಬೇರಿನಲ್ಲಿ ಕಟ್ಟುವ ಈ ಗಂಟುಗಳಿಂದಲೇ ಗಿಡಕ್ಕೆ ಸಾರಜನಕ ಸಿಗುವುದು. ಔಷಧಿ ಆ ಬ್ಯಾಕ್ಟೀರಿಯಾಕ್ಕೆ ಪೆಟ್ಟು ಕೊಡುತ್ತದೆಯೇ ಅಂತ ಮನೆಯಲ್ಲೇ ನೋಡಲು ಹೊರಟೆ.

ಮೊದಲು ಪ್ಲೇಟ್ ಹಾಕಿದೆ, ಅಂದರೆ ತಟ್ಟೆಯ ಜೆಲ್ಲಿಯ ಮೇಲೆ ಮಣ್ಣಿನ ಬ್ಯಾಕ್ಟೀರಿಯಾ ಬೆಳೆಸಿ ನೋಡುವುದು. ಜೆಲ್ಲಿಗೆ ದಿನಸಿ ಅಂಗಡಿಯ ಚೈನಾ ಗ್ರಾಸ್, ಗಾಜಿನ ತಟ್ಟೆ, ಕುದಿಸಿ ಶುದ್ಧ ಮಾಡಲು ಮನೆಯ ಕುಕ್ಕರ್. ಮಣ್ಣು ಕಂಡ ಕುಕ್ಕರಿನಲ್ಲಿ ಬೇಳೆ ಬೇಯಿಸಲ್ಲ ಅಂತ ಮನೆಯವರು ಹಟ ಹಿಡಿದರು, ಹೊಸದೂ ಸೇರಿ 6 ಸಾವಿರದ ಹತ್ತಿರ ಹೋಯಿತು. ಅರ್ಧ ತಟ್ಟೆಗೆ ಬೂಷ್ಟು ಹಿಡಿಯಿತು. ಉಳಿದದ್ದರಲ್ಲಿ ನೋಡಿದರೆ ಔಷಧಿ ಹೊಡೆದ ಮಣ್ಣಿನಲ್ಲೇ ಬ್ಯಾಕ್ಟೀರಿಯಾ ಜಾಸ್ತಿ! ಗೆಳೆಯರಿಗೆ ನಗಲು ಅಷ್ಟು ಸಾಕಾಯಿತು. ಸತ್ತ ಕಳೆಯ ಬೇರು ತಿಂದು ಕೆಲವು ಹೆಚ್ಚುತ್ತವೆ, ಗ್ಲೈಫೊಸೇಟಿನ ರಂಜಕವನ್ನೇ ತಿನ್ನುವವೂ ಇವೆ. ನನಗೆ ಬೇಕಿದ್ದವು ಗಂಟು ಕಟ್ಟುವವು.

ನಡುವೆ ಮೆಡಿಕಲ್ ಶಾಪಿನ ಹೈಡ್ರೋಜನ್ ಪೆರಾಕ್ಸೈಡ್ ಸುರಿದು, ಜೀವಿಗಳಿದ್ದರೆ ನೊರೆ ಬರುತ್ತದೆಂದು ಅದನ್ನೂ ನೋಡಿದೆ. ಬಾಣಲೆಯಲ್ಲಿ ಹುರಿದ ಮಣ್ಣೂ ನೊರೆ ಬಿಟ್ಟಿತು. ಅದು ಮಣ್ಣಿನ ಮ್ಯಾಂಗನೀಸ್ ಖನಿಜದ ಆಟ, ಸುಮ್ನೆ ಒಂದು ವಾರ ಹಾಳು.

ಕೊನೆಗೆ ಕೈ ಹಿಡಿದದ್ದು ಅಲಸಂದೆ. ಶೇಂಗಾಕ್ಕೆ ಗಂಟು ಕಟ್ಟುವ ಗುಂಪಿನ ಬ್ಯಾಕ್ಟೀರಿಯಾವೇ ಇದಕ್ಕೂ ಕಟ್ಟುತ್ತವೆ, ಗಿಡ ಲೋಟದಲ್ಲೂ ಬೆಳೆಯುತ್ತದೆ. ಮೊದಲ ಸಲ ಅಂಗಡಿ ಬೀಜ ಹಾಕಿ ಕೆಟ್ಟೆ, ಅದಕ್ಕೆ ಬಣ್ಣದ ಶಿಲೀಂಧ್ರನಾಶಕ ಬಳಿದಿದ್ದರು, ಅದು ಬ್ಯಾಕ್ಟೀರಿಯಾಕ್ಕೂ ಪೆಟ್ಟು ಕೊಡಬಹುದು. ಎರಡನೇ ಸಲ ಗಿಡ ಹಳದಿಯಾಯಿತೆಂದು ಚಿಟಿಕೆ ಯೂರಿಯಾ ಹಾಕಿದೆ, ಸಾರಜನಕ ಪುಕ್ಕಟೆ ಸಿಕ್ಕ ಗಿಡದಲ್ಲಿ ಒಂದು ಗಂಟೂ ಇಲ್ಲ. ಮೂರನೇ ಸಲ ಮನೆ ಬೀಜ, ತೊಳೆದು ಕುದಿಸಿದ ಮರಳು, ಅದಕ್ಕೆ ಸ್ವಲ್ಪವೇ ಹೊಲದ ಮಣ್ಣು. ಲೋಟ ತುಂಬ ಹೊಲದ ಮಣ್ಣನ್ನೇ ಹಾಕಿದರೆ ಉಳಿದ ಔಷಧಿ ಗಿಡಕ್ಕೇ ಹೊಡೆಯಬಹುದು, ನೀವು ಬ್ಯಾಕ್ಟೀರಿಯಾವನ್ನು ದೂರುತ್ತೀರಿ. ಎಷ್ಟು ಚಮಚ ಅಂತ ಕೇಳಬೇಡಿ, ಅದಕ್ಕೇ ನನಗೆ ಒಂದು ಮಳೆಗಾಲ ಹೋಯಿತು.

ತಿಂಗಳಿಗೆ ಕಿತ್ತು, ಒಳಗೆ ಕೆಂಪಗಿದ್ದ, ಅಂದರೆ ಕೆಲಸ ಮಾಡುತ್ತಿದ್ದ ಗಂಟು ಮಾತ್ರ ಎಣಿಸಿದೆ. ಔಷಧಿ ಕಾಣದ ಬದುವಿನ ಮಣ್ಣಿನಲ್ಲಿ ಗಿಡಕ್ಕೆ 20ರ ಸುತ್ತಮುತ್ತ. ಹೊಡೆದು ವಾರವಾದ ಮಣ್ಣಿನಲ್ಲಿ 7, 8. ಅದೇ ಜಾಗದಿಂದ ಒಂದೂವರೆ ತಿಂಗಳ ಮೇಲೆ ತಂದದ್ದರಲ್ಲಿ 15, 16. ಖರ್ಚು 200 ರೂಪಾಯಿಯೂ ಆಗಲಿಲ್ಲ, ಕುಕ್ಕರೂ ಕೇಳಲಿಲ್ಲ.

ಈಗ ಕಿಟಕಿಯಲ್ಲಿ 24 ಲೋಟ ನಿಂತಿವೆ, ಪೆಂಡಿಮೆಥಾಲಿನ್ ಎಂಬ ಇನ್ನೊಂದು ಕಳೆನಾಶಕ ಹೊಡೆದ ಮಣ್ಣಿನವು. ಇವತ್ತಿಗೆ 11ನೇ ದಿನ, ಎರಡು ಲೋಟದ ಗಿಡ ಆಗಲೇ ಇಲಿಯ ಪಾಲು.