ಹೊಟ್ಟೆ ಆಪರೇಷನ್ ಆದ ಕುದುರೆ, ಮನೆಗೆ ಬಂದ ಮೇಲೆ

ಉಡುಪಿ ಕಡೆಯ ಪಶುವೈದ್ಯರಿಗೆ ಕುದುರೆ ಸಿಗುವುದು ಕಡಿಮೆ. ನಾನು ನೋಡಿಕೊಂಡ ಹೆಣ್ಣು ಕುದುರೆಗೆ ಬೆಂಗಳೂರಿನಲ್ಲಿದ್ದಾಗ ಸಣ್ಣ ಕರುಳು ತಿರುಚಿಕೊಂಡು ಅಲ್ಲೇ ಆಪರೇಷನ್ ಆಗಿತ್ತು. ಗಾಯ ಒಣಗಿದ ಮೇಲೆ ಘಟ್ಟ ಇಳಿಸಿ ಮಲ್ಪೆಗೆ ತಂದರು.

ಆಪರೇಷನ್ ಆದ ಮೊದಲ ಕೆಲವು ದಿನ ಕರುಳು ಅಲುಗಾಡದೆ ನಿಂತುಬಿಡುವ ಅಪಾಯ ಇರುತ್ತದೆ. ಅದು ಆಸ್ಪತ್ರೆಯಲ್ಲೇ ದಾಟಿತ್ತು. ಮನೆಗೆ ಬಂದ ಮೇಲಿನ ಭಯ ಬೇರೆ. ಊದಿದ ಕರುಳು ವಾಸಿಯಾಗುವಾಗ ಅಕ್ಕಪಕ್ಕಕ್ಕೆ ಅಂಟಿಕೊಳ್ಳಬಹುದು. ಮೊದಲ ಎರಡು ತಿಂಗಳು ಇದರ ಕಾಟ ಜಾಸ್ತಿ.

ಒಂದು ರಾತ್ರಿ ಮಾಲೀಕರ ಫೋನ್. "ಡಾಕ್ಟ್ರೇ, ತಿರುಗಿ ತಿರುಗಿ ಹೊಟ್ಟೆ ನೋಡ್ತಾ ಉಂಟು. ನೋವಿನ ಇಂಜೆಕ್ಷನ್ ಇದೆ, ಕೊಡ್ಲಾ? ಲದ್ದಿ ಹಾಕಿದೆ."

"ಬೇಡ ಮಾರಾಯ್ರೇ, ನಾನು ಬರ್ತೇನೆ. ಹುಲ್ಲು ತೆಗೀರಿ."

ಲದ್ದಿ ಬಿತ್ತೆಂದು ಸಮಾಧಾನ ಪಡುವಂತಿಲ್ಲ. ಸಣ್ಣ ಕರುಳು ಕಟ್ಟಿಕೊಂಡಿದ್ದರೂ ದೊಡ್ಡ ಕರುಳಲ್ಲಿ ಮೊದಲೇ ಇದ್ದದ್ದು ಹೊರಗೆ ಬರುತ್ತದೆ. ಕುದುರೆಗೆ ವಾಂತಿ ಮಾಡಲು ಆಗುವುದಿಲ್ಲ. ಮುಂದೆ ಹೋಗದ ನೀರು ಜಠರಕ್ಕೆ ವಾಪಸ್ ಬಂದು ತುಂಬಿದರೆ ಜಠರವೇ ಒಡೆಯಬಹುದು. ಆದ್ದರಿಂದ ನನಗೆ ಇಂಜೆಕ್ಷನ್‌ಗಿಂತ ಟ್ಯೂಬ್ ಮೊದಲು.

ಎದೆಬಡಿತ ನಿಮಿಷಕ್ಕೆ 60 ದಾಟಿತ್ತು. ಆರಾಮಾಗಿರುವ ಕುದುರೆಗೆ ಅದು 28ರಿಂದ 44. ಮೂಗಿನಿಂದ ಟ್ಯೂಬ್ ಇಳಿಸಿ, ಅಳೆದು ನೀರು ಹಾಕಿ, ತುದಿಯನ್ನು ತಗ್ಗಿಸಿ ಬಕೆಟ್‌ಗೆ ಬಿಟ್ಟೆ. ಹಸಿರು ಮಿಶ್ರಿತ ನೀರು ಬುಳಬುಳ ಬಂತು, ಹುಳಿ ವಾಸನೆ. ಹಾಕಿದ ನೀರಿನ ಲೆಕ್ಕ ಕಳೆಯಲೇಬೇಕು. ಕಳೆದ ಮೇಲೂ 2 ಲೀಟರ್‌ಗಿಂತ ಜಾಸ್ತಿ ಉಳಿದರೆ ಕರುಳು ಮುಂದಕ್ಕೆ ತಳ್ಳುತ್ತಿಲ್ಲ ಎಂದೇ ಅರ್ಥ. ಇಲ್ಲಿ ಅದಕ್ಕಿಂತ ಸಾಕಷ್ಟು ಜಾಸ್ತಿ ಇತ್ತು. ಖಾಲಿಯಾದ ಹಾಗೆ ಬಡಿತ ಇಳಿಯಿತು, ಕುದುರೆ ತಲೆ ತಗ್ಗಿಸಿ ನಿಂತಿತು. ಬಡಿತ ಇಳಿಯದಿದ್ದರೆ ಆಸ್ಪತ್ರೆಗೆ ಒಯ್ಯಲು ಆಗಲೇ ಗಾಡಿ ಕರೆಸುತ್ತಿದ್ದೆ.

ಆಮೇಲೆ ಆಪರೇಷನ್ ಮಾಡಿದವರಿಗೆ ಫೋನ್ ಮಾಡಿ, ಅವರು ಹೇಳಿದ ಡೋಸಿನಲ್ಲಿ ನೋವಿನ ಔಷಧ ಕೊಟ್ಟೆ. ಬಾಯಿಗೆ ಏನೂ ಇಲ್ಲ, ಡ್ರಿಪ್ ಮಾತ್ರ. 400 ಕಿಲೋ ಕುದುರೆಗೆ ದಿನಕ್ಕೆ ಸುಮಾರು 20 ಲೀಟರ್ ಬೇಕು, ಅಂದರೆ ಅರ್ಧ ಲೀಟರ್‌ನ 40 ಬಾಟಲಿ! ಊರಿನ ಮೆಡಿಕಲ್‌ನಲ್ಲಿ ಅಷ್ಟು ಒಟ್ಟಿಗೆ ಸಿಗುವುದು ಕಷ್ಟ. ಆಪರೇಷನ್ ಆದ ಕುದುರೆ ಇಟ್ಟುಕೊಂಡವರು ಮೊದಲೇ ಹೇಳಿಟ್ಟಿರಬೇಕು. ಕೆಲವು ಗಂಟೆಗೊಮ್ಮೆ ಟ್ಯೂಬ್ ಹಾಕಿ ನೋಡಿದೆವು. ಬೆಳಗಿನ ಹೊತ್ತಿಗೆ ಹಾಕಿದಷ್ಟೇ ನೀರು ವಾಪಸ್ ಬರತೊಡಗಿತು.

ಹಸಿಹುಲ್ಲು ಶುರು ಮಾಡಿದ್ದು ಒಂದೊಂದು ಹಿಡಿ, ನಡುನಡುವೆ ಕೈಯಲ್ಲಿ ಹಿಡಿದು ನಡೆಸುವುದು. ಬೈಹುಲ್ಲು ಪೂರ್ತಿ ನಿಲ್ಲಿಸಿದೆ. ಮರಳು ಹೊಟ್ಟೆಗೆ ಹೋಗದಂತೆ ಮೇವೆಲ್ಲ ರಬ್ಬರ್ ಟಬ್‌ನಲ್ಲಿ. ಇದೇ ತರಹ ಮತ್ತೆ ಬಂದರೆ ಹೊಟ್ಟೆ ತೆರೆದೇ ನೋಡಬೇಕಾಗುತ್ತದೆ ಎಂದು ಮಾಲೀಕರಿಗೆ ಬಿಡಿಸಿ ಹೇಳಿದ್ದೇನೆ. ಗಾಡಿಯವರ ನಂಬರ್ ಲಾಯದ ಬಾಗಿಲಿಗೆ ಅಂಟಿಸಿದ್ದಾರೆ.